ನೊಂದ ಕೈಯೂ ಕರಸ್ಥಲವೇ

ವೀರಶೈವ ಧರ್ಮದಲ್ಲಿ ಕೈಗೆ ಸಂದಿರುವ ಗೌರವ ಅಸಾಧಾರಣವಾದುದು. ಗುರುವು ಅನುಗ್ರಹಿಸಿದ ಇಷ್ಟಲಿಂಗಕ್ಕೆ ಶಿಷ್ಯನ ಎಡಗೈಯೇ ಪೀಠ. ಆದುದರಿಂದಲೇ ಅದಕ್ಕೆ ಕರಸ್ಥಲವೆಂಬ ಹೆಸರು. ಪೂಜೆ ಮುಗಿದೊಡನೆ ಅದೇ ಕೈ ಕಾಯಕಕ್ಕೆ ಇಳಿಯುತ್ತದೆ. ಕಾಯಕದ ಫಲವನ್ನು ದಾಸೋಹದಲ್ಲಿ ಬಡಿಸುವುದೂ ಅದೇ ಕೈ. ಇಂತಹ ಕೈಯೇ ನೋವಿನಿಂದ ಸೋತಾಗ ಭಕ್ತನ ನಡೆ ಹೇಗಿರಬೇಕೆಂಬುದು ವಿಚಾರಿಸತಕ್ಕ ವಿಷಯ.

ಕೈಮಗ್ಗದ ನೇಕಾರನೊಬ್ಬನನ್ನು ಭಾವಿಸೋಣ. ಹಗಲೆಲ್ಲ ಲಾಳಿಯಾಡಿಸಿದ ಅವನಿಗೆ ಮೊಣಕೈಯ ಒಳಮಗ್ಗುಲಿನಿಂದ ಮಿಂಚು ಹರಿದಂತಹ ಯಾತನೆ ಆರಂಭವಾಗುತ್ತದೆ. ಕಿರುಬೆರಳೂ ಅದರ ಪಕ್ಕದ ಉಂಗುರ ಬೆರಳಿನ ಅರ್ಧಭಾಗವೂ ಜೋಮು ಹಿಡಿಯುತ್ತವೆ. ರಾತ್ರಿ ಉರಿಯಿಂದ ನಿದ್ರೆ ಹಾರುತ್ತದೆ. ಮುಂಜಾನೆ ಲಿಂಗವನ್ನು ಅಂಗೈಯಲ್ಲಿರಿಸಿ ದೃಷ್ಟಿ ನೆಡಲು ಕುಳಿತರೆ ಕೆಲವೇ ನಿಮಿಷಗಳಲ್ಲಿ ಕೈ ನಡುಗುತ್ತದೆ. ಗಾಯವಿಲ್ಲ, ಬಾವಿಲ್ಲ, ಕಂಡವರು ನಂಬುವುದಿಲ್ಲ. ಒಬ್ಬರು ಸೋಮಾರಿತನವೆನ್ನುತ್ತಾರೆ, ಮತ್ತೊಬ್ಬರು ಪೂರ್ವಕರ್ಮವೆನ್ನುತ್ತಾರೆ. ಕಡೆಗೆ ಅವನೇ ತನ್ನ ವ್ರತಕ್ಕೆ ಭಂಗ ಬಂದಿತೆಂದು ಕೊರಗುತ್ತಾನೆ.

ಈ ನೋವಿನ ಮೂಲ ಪಾಪದಲ್ಲಿಲ್ಲ, ದೇಹದ ರಚನೆಯಲ್ಲಿದೆ. ಕೊರಳಿನಿಂದ ಹೊರಟ ಅಲ್ನಾರ್ ಎಂಬ ನರವು ಮೊಣಕೈಯ ಒಳಮಗ್ಗುಲ ಎಲುಬಿನ ಗುಬುಟಿನ ಹಿಂದೆ, ಚರ್ಮಕ್ಕೆ ತೀರ ಸಮೀಪವಾಗಿ ಹಾದು ಬೆರಳುಗಳನ್ನು ಸೇರುತ್ತದೆ. ಮೊಣಕೈಯನ್ನು ಮಡಿಸಿದಾಗಲೆಲ್ಲ ಅದು ಸೆಳೆಯಲ್ಪಡುತ್ತದೆ, ಒತ್ತಲ್ಪಡುತ್ತದೆ. ಬಹುಕಾಲ ಮಡಿಸಿದ ಕೈಯಲ್ಲಿ ದುಡಿಯುವವರಿಗೂ, ಮೊಣಕೈಯನ್ನು ಗಟ್ಟಿಯಾದ ಅಂಚಿಗೆ ಊರುವವರಿಗೂ, ಕೈಯನ್ನು ಮಡಿಸಿ ತಲೆಯಡಿಯಿಟ್ಟು ಮಲಗುವವರಿಗೂ ಈ ಬಾಧೆ ಬರಬಹುದು. ಕೊರಳಿನ ಮೂಳೆಯ ಸವೆತದಿಂದಲೂ ಮಧುಮೇಹದಿಂದಲೂ ಇಂತಹುದೇ ಲಕ್ಷಣಗಳು ತೋರುವುದುಂಟು. ಹೀಗಿರಲು ನೊಂದವನನ್ನು ಪಾಪಿಯೆಂದು ಬಗೆಯುವುದು, ಕರುಣೆಯನ್ನು ಆಚಾರದ ತಳಹದಿಯಾಗಿ ಬೋಧಿಸಿದ ಬಸವಣ್ಣನವರ ಮಾರ್ಗಕ್ಕೆ ಸಲ್ಲದು.

ಆದರೆ ಕಾಯಕದ ಮಾತೇನು? ಹುಲ್ಲು ಕೊಯ್ದು ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯನ ಕಥೆ ಪ್ರಸಿದ್ಧವಾದುದು. ಲಿಂಗವು ಜಾರಿ ಬಿದ್ದರೂ ಅವನು ಕಾಯಕವನ್ನು ನಿಲ್ಲಿಸಲಿಲ್ಲ; ಲಿಂಗಕ್ಕೂ ಕಾಯಕದಿಂದ ವಿನಾಯಿತಿಯಿಲ್ಲವೆಂಬುದು ಅವನ ನಿಲುವು. ಈ ಕಥೆಯನ್ನು ಕೇಳಿದ ರೋಗಿ, ‘ಲಿಂಗಕ್ಕೇ ಇಲ್ಲದ ವಿನಾಯಿತಿ ನನಗೆಲ್ಲಿಯದು?’ ಎಂದು ಹಲ್ಲು ಕಚ್ಚಿ ದುಡಿಯತೊಡಗಿದರೆ ಅದು ಅರ್ಧ ತಿಳಿವಳಿಕೆ. ಉಳಿದರ್ಧವನ್ನು ಆಯ್ದಕ್ಕಿ ಲಕ್ಕಮ್ಮ ತಿಳಿಸಿಕೊಟ್ಟಿದ್ದಾಳೆ. ಪತಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಆ ತಾಯಿ ಹಿಗ್ಗಲಿಲ್ಲ. ಅಳತೆ ಮೀರಿದುದನ್ನು ಮರಳಿ ಸುರಿದು ಬರುವಂತೆ ಹೇಳಿದಳು. ಕಾಯಕದ ಬೆಲೆ ರಾಶಿಯಲ್ಲಿಲ್ಲ, ಭಾವಶುದ್ಧಿಯಲ್ಲಿದೆ. ಕಾಯಕಕ್ಕೂ ಒಂದು ಮಿತಿಯುಂಟು. ಸೀರೆ ನೇಯಲಾಗದ ದಿನ ಎಳೆಯರಿಗೆ ನೇಯ್ಗೆ ಕಲಿಸುವುದೂ ಲೆಕ್ಕ ನೋಡುವುದೂ ಕಾಯಕವೇ. ಕಾಯಕದಲ್ಲಿ ಮೇಲುಕೀಳೆಣಿಸದ ಶರಣಧರ್ಮವು ಪೂರ್ಣ ಬಲದ ಕೈಗೂ ಕುಂದಿದ ಕೈಗೂ ಭೇದವೆಣಿಸೀತೆ?

ಪೂಜೆಯ ವಿಷಯವೂ ಹೀಗೆಯೇ. ಮುಂಗೈಯ ಕೆಳಗೆ ಮೆತ್ತನೆಯ ಬಟ್ಟೆಯ ಒತ್ತನ್ನು ಕೊಟ್ಟು, ಮೊಣಕೈಯನ್ನು ಆದಷ್ಟು ಸಡಿಲವಾಗಿ ಚಾಚಿ, ನೋವು ತಾಳುವಷ್ಟು ಹೊತ್ತು ಮಾತ್ರ ಲಿಂಗವನ್ನು ಹಿಡಿದರೆ ಭಕ್ತಿಗೆ ಕೊರತೆಯಿಲ್ಲ. ಅಷ್ಟೂ ಆಗದಿದ್ದರೆ ಗುರುವಿನಲ್ಲಿ ಬಿನ್ನವಿಸಿ ತಕ್ಕ ಕ್ರಮವನ್ನು ಅರಿಯಬೇಕು. ಕೈ ಅಲುಗಿದರೂ ಅರಿವು ಅಲುಗದಿರುವುದೇ ಮುಖ್ಯ.

ಸುಖದುಃಖಗಳೆರಡನ್ನೂ ಲಿಂಗಕ್ಕರ್ಪಿಸಿ ಪ್ರಸಾದವಾಗಿ ಸ್ವೀಕರಿಸಬೇಕೆಂಬುದು ಪ್ರಸಾದಿಸ್ಥಲದ ಮರ್ಮ. ನೋವನ್ನು ಬೆಳೆಸಿಕೊಳ್ಳಬೇಕೆಂದು ಅದರ ಅರ್ಥವಲ್ಲ. ಪ್ರಸಾದವನ್ನು ಯಾರೂ ಚೆಲ್ಲುವುದಿಲ್ಲ; ಪ್ರಸಾದಕಾಯವನ್ನೂ ಹಾಗೆಯೇ ಜೋಪಾನ ಮಾಡಬೇಕು. ಶರಣಗಣದಲ್ಲಿ ವೈದ್ಯ ಸಂಗಣ್ಣನೂ ಇದ್ದನು, ವೈದ್ಯವೂ ಕಾಯಕವಾಗಿತ್ತು. ಆದುದರಿಂದ ವೈದ್ಯರಲ್ಲಿಗೆ ಹೋಗುವುದು ಭಕ್ತಿಯ ಸೋಲಲ್ಲ. ರಾತ್ರಿ ಮಲಗುವಾಗ ಮೊಣಕೈಗೆ ಮೆತ್ತನೆಯ ವಸ್ತ್ರವನ್ನು ಸಡಿಲವಾಗಿ ಸುತ್ತಿದರೆ ಅದು ನಿದ್ರೆಯಲ್ಲಿ ಮಡಿಯದು. ಕಂಡಕಂಡವರಿಂದ ನರವನ್ನು ಎಳೆಸಿಕೊಳ್ಳುವುದು ಅಪಾಯಕರ. ಸ್ಪರ್ಶಜ್ಞಾನ ತಗ್ಗಿದ ಬೆರಳಿಗೆ ಕಾವು ಕೊಟ್ಟರೆ ಸುಟ್ಟುದೂ ತಿಳಿಯದು. ಹಿಡಿತ ಕುಂದಿದರೆ, ಹೆಬ್ಬೆರಳು ತೋರುಬೆರಳುಗಳ ನಡುವಿನ ಮಾಂಸ ಬತ್ತಿದರೆ ತಡಮಾಡಲಾಗದು. ಕೆಲವರಿಗೆ ಶಸ್ತ್ರಚಿಕಿತ್ಸೆಯೂ ಬೇಕಾಗಬಹುದು. ಕೈನೋವಿನೊಡನೆ ಎದೆ ಬಿಗಿತ, ಬೆವರು, ಉಸಿರುಕಟ್ಟುವಿಕೆ ಕಂಡರೆ, ಅಥವಾ ಕೈ ಹಠಾತ್ತನೆ ಸೋತು ಮಾತು ತೊದಲಿದರೆ, ಕ್ಷಣವೂ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಚಿಕಿತ್ಸೆಯ ಬಳಿಕವೂ ತಾಳ್ಮೆ ಬೇಕು. ಘಾಸಿಗೊಂಡ ನರವು ಮರಳಿ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ. ಮೊಣಕೈಯಿಂದ ಬೆರಳ ತುದಿಗೆ ಅದರ ಯಾತ್ರೆ ಎಷ್ಟೋ ತಿಂಗಳುಗಳದು. ಕೆಲವರಲ್ಲಿ ನೋವು ಪೂರ್ತಿಯಾಗಿ ತೊಲಗದೆಯೂ ಇರಬಹುದು. ಆಗ ಅದನ್ನು ಶತ್ರುವೆಂದು ದ್ವೇಷಿಸದೆ, ಒಡೆಯನೆಂದು ಅದಕ್ಕೆ ಶರಣಾಗದೆ, ಮನೆಗೆ ಬಂದ ಕಷ್ಟದ ಅತಿಥಿಯೆಂಬಂತೆ ಅರಿತು ನಡೆಸಿಕೊಳ್ಳುವುದೇ ವಿವೇಕ.

ನೆರೆಯವರಿಗೂ ಇಲ್ಲಿ ಕರ್ತವ್ಯವುಂಟು. ದಾಸೋಹವೆಂದರೆ ಅನ್ನ ನೀಡುವುದಷ್ಟೇ ಅಲ್ಲ. ಹೊಟ್ಟೆಪಾಡಿಗಾಗಿ ನೋವನ್ನು ನುಂಗಿ ದುಡಿಯುವವನಿಗೆ ‘ವಿಶ್ರಮಿಸು’ ಎಂಬ ಬರಿಯ ಮಾತು ಸಾಲದು. ಅವನ ಕೊಡವನ್ನು ಎತ್ತಿಕೊಡುವ, ಅವನ ಮಗ್ಗದಲ್ಲಿ ಒಂದು ಗಳಿಗೆ ಕೂರುವ ಕೈ ಬೇಕು. ಕಣ್ಣಿಗೆ ಕಾಣದ ಲಿಂಗತತ್ತ್ವವನ್ನು ನಂಬುವ ಭಕ್ತನು ಕಣ್ಣಿಗೆ ಕಾಣದ ನೋವನ್ನು ನಂಬದಿರುವುದು ಹೇಗೆ?

ಲಿಂಗವು ನೆಲಸಿದ ಕೈ ಬಲವಿದ್ದಾಗ ಮಾತ್ರ ಪವಿತ್ರವಲ್ಲ. ನಡುಗುವ ಕೈಯೂ ಕರಸ್ಥಲವೇ. ಅದನ್ನು ಹಿಡಿದೆತ್ತುವ ಇನ್ನೊಂದು ಕೈಯೂ ಕರಸ್ಥಲವೇ. ಸರ್ವರಿಗೂ ಸನ್ಮಂಗಳವಾಗಲಿ.