ತನ್ನ ಮನಸ್ಸಿನ ವಿಷಯವಾಗಿ ಮನುಷ್ಯನು ಕೊಡುವ ಸಾಕ್ಷಿ

ನಮ್ಮ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು, ಮೂವತ್ತು ವರುಷ ದಾಟಿದವರ ವಿಷಯದಲ್ಲಿ ಒಂದು ವಿಚಾರಣಾಪತ್ರವನ್ನು ತುಂಬಿಸಿಕೊಳ್ಳುವದನ್ನು ವಾಚಕರಲ್ಲಿ ಅನೇಕರು ಬಲ್ಲರು. ವಯಸ್ಸೆಷ್ಟು, ಹೊಗೆಸೊಪ್ಪಿನ ಅಭ್ಯಾಸ ಉಂಟೋ, ಸೊಂಟದ ಸುತ್ತಳತೆ ಎಷ್ಟು ಎಂಬವುಗಳ ಸಂಗಡ ಮನಸ್ಸಿಗೆ ಸಂಬಂಧಪಟ್ಟ ಎರಡು ಪ್ರಶ್ನೆಗಳೂ ಆ ಪತ್ರದಲ್ಲಿರುತ್ತವೆ: ಕಳೆದ ಎರಡು ವಾರಗಳಲ್ಲಿ ಕೆಲಸಕಾರ್ಯಗಳಲ್ಲಿ ಆಸಕ್ತಿ ತಗ್ಗಿತೋ, ಮನಸ್ಸು ಕುಗ್ಗಿ ನಿರಾಶೆ ಹುಟ್ಟಿತೋ ಎಂದು. ಸೊಂಟವನ್ನು ಪಟ್ಟಿಯಿಂದ ಅಳೆಯಬಹುದು. ಮನಸ್ಸಿಗೆ ಅಂಥಾ ಪಟ್ಟಿ ಇಲ್ಲ. ಉತ್ತರ ಕೊಡುವವನ ಬಾಯಿಮಾತೇ ಅಲ್ಲಿ ಅಳತೆಗೋಲು. ಹೀಗಿರಲಾಗಿ, ಮನುಷ್ಯನು ತನ್ನ ದುಃಖದ ವಿಷಯವಾಗಿ ಕೊಡುವ ಸಾಕ್ಷಿಯನ್ನು ಎಷ್ಟರ ಮಟ್ಟಿಗೆ ನಂಬಬೇಕು, ನಂಬಿದವರು ಮುಂದೆ ಏನು ಮಾಡಬೇಕಾದವರು ಎಂಬದನ್ನು ವಿಚಾರಿಸುವದು ಯುಕ್ತವೆಂದು ತೋಚುತ್ತದೆ.

ಈ ಎರಡು ಪ್ರಶ್ನೆಗಳು ಅಮೇರಿಕದಲ್ಲಿ ಸಿದ್ಧವಾದ ಒಂದು ದೊಡ್ಡ ಪತ್ರದಿಂದ ತೆಗೆದವುಗಳು. ಪಿ.ಎಚ್.ಕ್ಯೂ.-9 ಎಂದು ಅದಕ್ಕೆ ಹೆಸರು. ಕರ್ಟ್ ಕ್ರೋಂಕಿ, ರಾಬರ್ಟ್ ಸ್ಪಿಟ್ಜರ್, ಜಾನೆಟ್ ವಿಲಿಯಮ್ಸ್ ಎಂಬವರು ಅದರ ಪರೀಕ್ಷೆಯನ್ನು 2001ರಲ್ಲಿ ಪ್ರಕಟಿಸಿದರು. ಅದರಲ್ಲಿ 9 ಪ್ರಶ್ನೆಗಳುಂಟು. ಆಸಕ್ತಿ, ದುಃಖ, ನಿದ್ರೆ, ದಣಿವು, ಊಟ, ತನ್ನ ಮೇಲೆ ತನಗೇ ಹುಟ್ಟುವ ಜಿಗುಪ್ಸೆ, ಗಮನ ನಿಲ್ಲದಿರುವದು, ನಡೆನುಡಿ ಮಂದವಾಗುವದು ಅಥವಾ ಚಡಪಡಿಸುವದು, ಕಡೆಗೆ ಸಾವಿನ ಯೋಚನೆ. ಇವುಗಳಲ್ಲಿ ಒಂದೊಂದಕ್ಕೆ 0ಯಿಂದ 3ರ ವರೆಗೆ ಅಂಕ. ಮೊತ್ತ 27. ಹತ್ತು ಮುಟ್ಟಿದರೆ ಖಿನ್ನತೆ ಎಂಬ ರೋಗ ಇರಬಹುದೆಂದು ತಿಳಿದು ಮುಂದಿನ ವಿಚಾರಣೆಗೆ ಕಳುಹಿಸುವದು ವಾಡಿಕೆ.

ಇದು ಎಷ್ಟು ಸರಿ? ಆ ಮೊದಲನೆಯ ಪರೀಕ್ಷೆಯಲ್ಲಿ 580 ಜನರನ್ನು ತಜ್ಞರು ಪ್ರತ್ಯೇಕವಾಗಿ ಮಾತಾಡಿಸಿ ನೋಡಿದರು; ಅವರಲ್ಲಿ ದೊಡ್ಡ ಖಿನ್ನತೆಯುಳ್ಳವರು 41 ಜನ. ಬಳಿಕ ಅನೇಕ ದೇಶಗಳಲ್ಲಿ ನಡೆದ ಪರೀಕ್ಷೆಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ನುರಿತವರ ಸಂದರ್ಶನಕ್ಕೆ ಹೋಲಿಸಿದರೆ, ರೋಗವುಳ್ಳ ನೂರರಲ್ಲಿ 88 ಜನರನ್ನು ಈ ಪತ್ರವು ಹಿಡಿಯುತ್ತದೆ. ರೋಗವಿಲ್ಲದ ನೂರರಲ್ಲಿ 85 ಜನರನ್ನು ಸರಿಯಾಗಿ ಬಿಟ್ಟುಬಿಡುತ್ತದೆ. ಕೇಳುವದಕ್ಕೆ ಇದು ಬಹು ಚೆನ್ನಾಗಿದೆ. ಆದರೆ ಒಂದು ಊರಿನ ಲೆಕ್ಕ ಹಾಕಿ ನೋಡೋಣ. ಸಾವಿರ ಜನರ ಊರಿನಲ್ಲಿ ನೂರು ಜನರಿಗೆ ಖಿನ್ನತೆ ಉಂಟೆಂದು ಇಟ್ಟುಕೊಳ್ಳುವ. ಅವರಲ್ಲಿ 88 ಜನ ಸಿಕ್ಕುವರು, 12 ಜನ ತಪ್ಪಿಸಿಕೊಳ್ಳುವರು. ಉಳಿದ 900 ಜನರಲ್ಲಿ 765 ಜನರಿಗೆ ಏನೂ ಇಲ್ಲವೆಂದು ಬರುವದು, 135 ಜನರಿಗೆ ಮಾತ್ರ ರೋಗವಿಲ್ಲದೆ ರೋಗದ ಗುರುತು ಬೀಳುವದು. ಅಂದರೆ ಗುರುತು ಬಿದ್ದ 223 ಜನರಲ್ಲಿ ನಿಜವಾದ ರೋಗಿಗಳು 88 ಮಾತ್ರ, ಅರ್ಧಕ್ಕಿಂತಲೂ ಕಡಿಮೆ! 9,242 ಜನರ ಉತ್ತರಗಳನ್ನು ಕೂಡಿಸಿ 2020ರಲ್ಲಿ ಪ್ರಕಟವಾದ ಇನ್ನೊಂದು ಲೆಕ್ಕವೂ ಇದನ್ನೇ ತೋರಿಸಿತು: ಪತ್ರದ ಪ್ರಕಾರ ನೂರಕ್ಕೆ 24.6, ಸಂದರ್ಶನದ ಪ್ರಕಾರ 12.1. ಆದದರಿಂದ ಪತ್ರದ ಮೊತ್ತವನ್ನೇ ತೋರಿಸಿ, ಇಂತಿಷ್ಟು ಜನಕ್ಕೆ ಖಿನ್ನತೆ ಇದೆಯೆಂದು ಸಾರುವವರ ಮಾತನ್ನು ನಾವು ಬಹು ಜಾಗ್ರತೆಯಿಂದ ಕೇಳಬೇಕು.

ಇಲ್ಲಿ ಸ್ವಲ್ಪ ನಿಂತು ಯೋಚಿಸತಕ್ಕದ್ದು ಇನ್ನೊಂದುಂಟು. ಸರಿಯೋ ತಪ್ಪೋ ಎಂದು ಯಾವದಕ್ಕೆ ಹೋಲಿಸಿ ನೋಡಿದರು? ಮಲೇರಿಯವಾದರೆ ರಕ್ತದ ಹನಿಯಲ್ಲಿ ಕಾಣುತ್ತದೆ. ಖಿನ್ನತೆಗೆ ಅಂಥಾ ರಕ್ತಪರೀಕ್ಷೆ ಇಂದಿಗೂ ಇಲ್ಲ. ತಜ್ಞನು ಎದುರಿಗೆ ಕೂತು ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ವಿಚಾರಿಸುವದೇ ಅಲ್ಲಿ ಕಡೆಯ ಒರೆಗಲ್ಲು. ಆ ತಜ್ಞನಿಗಾದರೂ ಆಧಾರವೇನು? ಬಹುಮಟ್ಟಿಗೆ ಅದೇ ಮನುಷ್ಯನ ಬಾಯಿಮಾತು! ಪತ್ರದಲ್ಲಿ ನಿದ್ರೆ ಬರುವದಿಲ್ಲ ಎಂದು ಬರೆದವನನ್ನು ತಜ್ಞನು, ಯಾಕೆ ಬರುವದಿಲ್ಲ, ಕೂಸು ಅಳುತ್ತದೋ, ಕೆಮ್ಮೋ, ಸಾಲವೋ ಎಂದು ಕೇಳುತ್ತಾನೆ, ಮುಖವನ್ನು ನೋಡುತ್ತಾನೆ, ಸುಮ್ಮನಾದರೆ ಕಾಯುತ್ತಾನೆ. ಹಾಗಾದರೆ ಹೋಲಿಕೆಯು ಮಾತಿಗೂ ಯಂತ್ರಕ್ಕೂ ನಡೆದದ್ದಲ್ಲ, ಅವಸರದ ಮಾತಿಗೂ ತಾಳ್ಮೆಯ ಮಾತಿಗೂ ನಡೆದದ್ದು. ಪತ್ರದ ತಪ್ಪುಗಳಲ್ಲಿ ಹೆಚ್ಚಿನವು ಉತ್ತರ ಕೊಟ್ಟವನ ಸುಳ್ಳಿನಿಂದ ಹುಟ್ಟಿದವುಗಳಲ್ಲ, ಮುಂದಿನ ಪ್ರಶ್ನೆಯನ್ನು ಯಾರೂ ಕೇಳದೆ ಹೋದದರಿಂದ ಹುಟ್ಟಿದವುಗಳೆಂಬದು ನಮ್ಮ ಅಭಿಪ್ರಾಯ.

ನಿದ್ರೆಯ ವಿಷಯವನ್ನೇ ನೋಡಿರಿ. ಬಾಣಂತಿಯಾದವಳಿಗೆ ನಿದ್ರೆಗೇಡೂ ದಣಿವೂ ಸಹಜ. 1987ರಲ್ಲಿ ಸ್ಕಾಟ್ಲೆಂಡಿನಲ್ಲಿ ಜಾನ್ ಕಾಕ್ಸ್ ಮುಂತಾದವರು ಬಾಣಂತಿಯರಿಗೋಸ್ಕರ ಎಡಿನ್‌ಬರೋ ಮಾಪಕವೆಂಬ 10 ಪ್ರಶ್ನೆಗಳ ಪತ್ರವನ್ನು ಮಾಡಿದಾಗ, ದೇಹದ ಲಕ್ಷಣಗಳನ್ನು ಬಹುಮಟ್ಟಿಗೆ ಬಿಟ್ಟರು. ನಿದ್ರೆಯನ್ನು ಕುರಿತು ಕೇಳುವಾಗಲೂ ದುಃಖದ ದೆಸೆಯಿಂದ ನಿದ್ರೆ ಕೆಟ್ಟಿತೋ ಎಂದೇ ಕೇಳಿದರು. ಆ ಪತ್ರವನ್ನು ಕನ್ನಡದಲ್ಲಿ ನಮ್ಮ ಕರ್ನಾಟಕದ ಹಳ್ಳಿಯ ಗರ್ಭಿಣಿಯರಲ್ಲಿ ಪರೀಕ್ಷಿಸಿ ನೋಡಿದ್ದೂ ಉಂಟು. ಅದರ ಫಲವು 2011ರಲ್ಲಿ ಪ್ರಕಟವಾಯಿತು.

ಇನ್ನು ಭಾಷೆಯ ಮಾತು. ಖಿನ್ನತೆ ಎಂಬ ಶಬ್ದವನ್ನು ನಮ್ಮ ಹೊಲಗದ್ದೆಗಳಲ್ಲಿ ದುಡಿಯುವವರು ಯಾರು ಆಡುತ್ತಾರೆ? ಎದೆ ಭಾರ, ತಲೆ ಬಿಸಿ, ಹೊಟ್ಟೆಯಲ್ಲಿ ಸಂಕಟ, ಕೈಕಾಲಲ್ಲಿ ತ್ರಾಣವಿಲ್ಲ ಎಂದು ಹೇಳುವವರೇ ಹೆಚ್ಚು. ಈ ತೊಡಕು ನಮಗೆ ಮಾತ್ರ ಬಂದದ್ದಲ್ಲ. ಆಫ್ರಿಕದ ಜಿಂಬಾಬ್ವೆ ದೇಶದ ಶೋನ ಭಾಷೆಯಲ್ಲಿ ಇಂಥಾ ಸಂಕಟಕ್ಕೆ ಕುಫುಂಗಿಸಿಸಾ, ಅಂದರೆ ಅತಿಯಾಗಿ ಯೋಚಿಸುವದು, ಎಂಬ ಮಾತುಂಟು. ಆ ದೇಶದಲ್ಲಿ ಕೆಲಸ ಮಾಡುತ್ತಿದ್ದ ವಿಕ್ರಮ್ ಪಟೇಲ್ ಎಂಬ ಭಾರತೀಯ ವೈದ್ಯರೂ ಅವರ ಜೊತೆಯವರೂ ಅಲ್ಲಿಯ ಜನರ ನುಡಿಗಳನ್ನೇ ಕೂಡಿಸಿ 14 ಪ್ರಶ್ನೆಗಳ ಪತ್ರವನ್ನು 1997ರಲ್ಲಿ ಹೊರಗೆ ತಂದರು. ತರುವಾಯ ಡಿಕ್ಸನ್ ಚಿಬಾಂಡಾ ಎಂಬ ವೈದ್ಯರು 2006ರಲ್ಲಿ ಹರಾರೆ ಪಟ್ಟಣದಲ್ಲಿ, ಆಸ್ಪತ್ರೆಯ ಹೊರಗೆ ಒಂದು ಮರದ ಬೆಂಚನ್ನು ಹಾಕಿಸಿ, ತರಬೇತಿ ಹೊಂದಿದ ಅಜ್ಜಿಯರನ್ನು ಅಲ್ಲಿ ಕೂರಿಸಿದರು. ಅಜ್ಜಿಯು ಪ್ರಶ್ನೆಗಳನ್ನು ಓದುತ್ತಾಳೆ, ಉತ್ತರಗಳನ್ನು ಎಣಿಸುತ್ತಾಳೆ, ಬಳಿಕ ಕಾಗದವನ್ನು ಬದಿಗಿಟ್ಟು ಮಾತಿಗೆ ಕೂಡುತ್ತಾಳೆ. ಹಾಗೆ ಮಾತಾಡಿಸಲ್ಪಟ್ಟವರು ಆರು ತಿಂಗಳಲ್ಲಿ ಇತರರಿಗಿಂತ ಹೆಚ್ಚು ಸುಧಾರಿಸಿದರೆಂದು 2016ರಲ್ಲಿ ಪ್ರಕಟವಾದ ಪರೀಕ್ಷೆಯು ತೋರಿಸಿತು. (ಆ ಸುಧಾರಣೆಯನ್ನು ಅಳೆದದ್ದೂ ಅದೇ 14 ಪ್ರಶ್ನೆಗಳಿಂದಲೇ ಎಂಬದನ್ನು ಮರೆಯಕೂಡದು.)

ಆದರೆ ದುಃಖವಿದ್ದೂ ಇಲ್ಲವೆನ್ನುವವರ ಸಂಗತಿ ಏನು? ಅತ್ತೆಯು ಬಾಗಲಲ್ಲಿ ನಿಂತಿರುವಾಗ ಸೊಸೆಯನ್ನು, ನಿನ್ನ ಮನಸ್ಸು ಹೇಗಿದೆ ಎಂದು ಕೇಳಿದರೆ, ಚೆನ್ನಾಗಿದೆ ಎಂದಲ್ಲದೆ ಅವಳು ಬೇರೆ ಏನು ಹೇಳಾಳು? ನಮ್ಮ ಸಭೆಗಳಲ್ಲಿ ಮನಸ್ಸಿನ ಕುಗ್ಗುವಿಕೆಯನ್ನು ಅಪನಂಬಿಕೆಯ ಗುರುತೆಂದು ಎಣಿಸುವವರು ಇದ್ದಾರೆ. ಅವರ ಕಿವಿಗೆ ಬೀಳುವ ಭಯದಿಂದ ಎಷ್ಟೋ ಮಂದಿ ನಗುಮುಖವನ್ನು ಹೊತ್ತು ತಿರುಗುವದನ್ನು ನಾವು ಬಲ್ಲೆವು. ಇವರನ್ನು ಸುಳ್ಳುಗಾರರೆಂದು ತೀರ್ಪು ಮಾಡುವದು ನ್ಯಾಯವಲ್ಲ. ಬೆದರಿಸಿ ಪಡೆದ ಸಾಕ್ಷಿಗೆ ನ್ಯಾಯಸ್ಥಾನದಲ್ಲಿಯೂ ಬೆಲೆ ಇಲ್ಲವಷ್ಟೆ. ನಾಚಿಕೆಯು ಮುಚ್ಚಿಸಿದ ಬಾಯಿಯೂ ಅಂಥಾದ್ದೇ. ದುಃಖವನ್ನು ಬಹುಕಾಲ ಹೊತ್ತು, ಇದುವೇ ತನ್ನ ಸ್ವಭಾವವೆಂದು ತಿಳಿದವನೂ ಉಂಟು. ಅವನು ಪ್ರಾಮಾಣಿಕವಾಗಿಯೇ ಸೊನ್ನೆ ಹಾಕುತ್ತಾನೆ.

ಇದೆಲ್ಲಾ ಹೇಳಿದ್ದು ಪತ್ರವನ್ನು ಹೀನೈಸುವದಕ್ಕಲ್ಲ. ಎರಡು ವಾರಗಳ ತನ್ನ ಮನಸ್ಸನ್ನು ಕುರಿತು ಒಬ್ಬ ಕೂಲಿಯವನನ್ನು ಈ ಹಿಂದೆ ಯಾರು ಕೇಳಿದ್ದರು? ಕೇಳುವವಳು ಓದಿಕೊಂಡು ಓಡದೆ, ಒಂಟಿಯಾಗಿ ಮಾತಾಡಿಸುವಳಾದರೆ, ಆ ಎರಡು ಪ್ರಶ್ನೆಗಳು ಬಹಳ ಕೆಲಸ ಮಾಡುವವು.

ಒಂಭತ್ತನೆಯ ಪ್ರಶ್ನೆಗೆ ಮಾತ್ರ ಮೇಲಣ ಲೆಕ್ಕ ಸಲ್ಲದು. ಮೊತ್ತ ನಾಲ್ಕೇ ಆಗಿದ್ದರೂ, ಸಾಯುವದು ಮೇಲೆಂಬ ಯೋಚನೆ ಬಂದದ್ದುಂಟೆಂದು ಒಬ್ಬನು ಗುರುತು ಮಾಡಿದರೆ, ಅದು ಹತ್ತಕ್ಕಿಂತ ಕಡಿಮೆಯೆಂದು ಕಾಗದವನ್ನು ಮಡಿಸಿಡಕೂಡದು. ಅಂಥಾ ಯೋಚನೆಯುಳ್ಳವರನ್ನು ಆ ಹೊತ್ತಿನಲ್ಲಿ ಒಂಟಿಯಾಗಿ ಬಿಡದೆ, ನೇರವಾಗಿ ವಿಚಾರಿಸಿ, ವೈದ್ಯರ ಬಳಿಗೆ ಕರೆದುಕೊಂಡು ಹೋಗಬೇಕು. ವೈದ್ಯರು ದೂರವಿದ್ದರೆ, 2022ರಲ್ಲಿ ಸರಕಾರವು ಆರಂಭಿಸಿದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿಯಲ್ಲಿ, 14416 ಎಂಬ ಸಂಖ್ಯೆಗೆ, ಹಗಲಿರುಳು ಕನ್ನಡದಲ್ಲಿಯೇ ಮಾತಾಡಬಹುದು.