ಹುಡುಗಿಯ ಪೆಟ್ಟಿಗೆ

ಮಿಠಾಯಿ ಅಂಗಡಿಯಲ್ಲಿ ಚಪ್ಪಟೆ ರಟ್ಟನ್ನು ಮಡಚಿ ಪೆಟ್ಟಿಗೆ ಮಾಡುವುದನ್ನು ನಾನು ಈಗಲೂ ನಿಂತು ನೋಡುತ್ತೇನೆ. ನಿವೃತ್ತ ಗಣಿತ ಮಾಸ್ತರನ ಚಟವೆನ್ನಿ. ಅದರ ಹಿಂದೆ ಒಂದು ಹಳೆಯ ಅಳುಕೂ ಇದೆ.

ಧಾರವಾಡ ಕಡೆಯ ಶಾಲೆಯೊಂದರಲ್ಲಿ ಏಳನೆಯ ತರಗತಿಗೆ ಘನಾಕೃತಿ ಕಲಿಸುತ್ತಿದ್ದೆ. ಆರು ಚೌಕಗಳನ್ನು ಅಂಚಿಗೆ ಅಂಚು ಕೂಡಿಸಿ ಬರೆಯಿರಿ, ಮಡಚಿದರೆ ಘನವಾಗಬೇಕು ಎಂದೆ. ಮಕ್ಕಳು ಬರೆದದ್ದು ನಾನು ಹಲಗೆಯ ಮೇಲೆ ಬರೆದಿದ್ದ ಶಿಲುಬೆಯಾಕಾರವನ್ನೇ. ಒಬ್ಬ ಹುಡುಗಿ ಮಾತ್ರ ಮೂರು ಚೌಕಗಳ ಒಂದು ಸಾಲು ಬರೆದು, ಅದರ ಕೊನೆಯ ಚೌಕದ ಕೆಳಗಿನಿಂದ ಇನ್ನು ಮೂರನ್ನು ಮುಂದಕ್ಕೆ ಎಳೆದಿದ್ದಳು. ಹಾಳೆಯನ್ನು ಎತ್ತಿ ಹಿಡಿದು, "ಇದು ಮುಚ್ಚೂದಿಲ್ಲ, ತಪ್ಪು" ಎಂದೆ. ತರಗತಿಯ 40 ಮಕ್ಕಳೂ ನಕ್ಕರು.

ಮರುದಿನ ಆಕೆ ಲಗ್ನಪತ್ರಿಕೆಯ ರಟ್ಟು ಕತ್ತರಿಸಿ, ಅನ್ನದ ಅಗುಳಿನಿಂದ ಅಂಟಿಸಿ ತಂದಳು. "ಕೂಡತೈತ್ರಿ ಸರ" ಎಂದಳು, ಅಷ್ಟೇ. ಕೂಡಿತ್ತು.

ತಿರುಗಿಸಿದ್ದನ್ನೂ ಮಗುಚಿದ್ದನ್ನೂ ಬೇರೆಯೆಂದು ಎಣಿಸದಿದ್ದರೆ, ಆರು ಚೌಕಗಳನ್ನು ಹೀಗೆ ಕೂಡಿಸುವ ಬಗೆಗಳು 35, ಘನವಾಗುವವು 11. ಅವಳದು ಅವುಗಳಲ್ಲೊಂದು. ಜರ್ಮನಿಯ ಚಿತ್ರಕಾರ ಡ್ಯೂರರ್ 1525ರಲ್ಲೇ ಘನಾಕೃತಿಗಳನ್ನು ಬಿಚ್ಚಿ ಹಾಸಿ ಪುಸ್ತಕದಲ್ಲಿ ತೋರಿಸಿದ್ದ. ತಗ್ಗುಗಳಿಲ್ಲದ ಯಾವುದೇ ಬಹುಮುಖ ಘನವನ್ನು ಅಂಚುಗಳಗುಂಟ ಕತ್ತರಿಸಿ, ಒಂದರ ಮೇಲೊಂದು ಬೀಳದಂತೆ ಒಂದೇ ತುಂಡಾಗಿ ಹಾಸಬಹುದೇ ಎಂಬುದು ಗಣಿತಜ್ಞರಲ್ಲಿ ಇಂದಿಗೂ ಇತ್ಯರ್ಥವಾಗಿಲ್ಲ. ನಾನೋ, ಮಡಚಿಯೂ ನೋಡದೆ ತೀರ್ಪು ಕೊಟ್ಟಿದ್ದೆ.

ಆಕೆಗೆ ಅಂಕ ತಿದ್ದಿ ಕೊಟ್ಟೆ. "ನಿಂದು ಸರಿ ಐತವ್ವಾ" ಎಂದು ಮೆಲ್ಲಗೆ ಹೇಳಿದೆ. ತರಗತಿಗೆ ಹೇಳಲಿಲ್ಲ. ಮಾಸ್ತರನ ಮಾತೇ ಅಲುಗಾಡಿದರೆ ಮಕ್ಕಳು ನಾಳೆ ಯಾವುದನ್ನು ನಂಬಿಯಾರು ಎಂದು ಸಮಾಧಾನ ಮಾಡಿಕೊಂಡೆ. ಅದು ನನ್ನ ಮಾನಕ್ಕೆ ಹೊದಿಸಿದ ಬಟ್ಟೆ. ಪಾಣಿಪತ ಕಾಳಗ ಯಾವಾಗ ನಡೆಯಿತೆಂಬುದಕ್ಕೆ ಮಗು ನನ್ನನ್ನೋ ಪುಸ್ತಕವನ್ನೋ ನಂಬಬೇಕು. ರಟ್ಟಿನ ಮುಂದೆ ಆ ಹಂಗಿಲ್ಲ. ಏಳನೆಯ ತರಗತಿಯ ಹುಡುಗಿ ನನ್ನ ತೀರ್ಪಿನ ಮೇಲೆ ಅಲ್ಲಿ ಅಪೀಲು ಹೋಗಬಹುದು, ಗೆಲ್ಲಲೂಬಹುದು. ಆಕೆ ಗೆದ್ದದ್ದನ್ನು ನಾನು ಬಚ್ಚಿಟ್ಟೆ. ತಪ್ಪು ಎಂದದ್ದು 40 ಮಂದಿಗೆ ಕೇಳಿಸಿತ್ತು, ಸರಿ ಎಂದದ್ದು ಒಬ್ಬಳಿಗೆ. ಸಾಲ ತೀರಿತೇ?

ಹೋದ ವರ್ಷ ನಮ್ಮ ಓಣಿಯ ಮಿಠಾಯಿ ಅಂಗಡಿಯವನು ನನ್ನ ಗುರುತು ಹಿಡಿದ. ಅದೇ ತರಗತಿಯವನು. ಪೇಡೆಯ ಪೆಟ್ಟಿಗೆ ಮಡಚುತ್ತ, "ಒಬ್ಬಾಕಿ ಹಾವಿನಂಗ ಡಬ್ಬಿ ಬರದಿದ್ಲಲ್ಲರಿ ಸರ!" ಎಂದು ನಕ್ಕ.

"ಅದು ಸರಿ ಇತ್ತಪಾ" ಎಂದೆ.

ಗಿರಾಕಿಗಳ ಗದ್ದಲ. "ಏನಂದ್ರಿ?" ಎಂದ.

ಮತ್ತೊಮ್ಮೆ ಹೇಳಿದೆ, ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ.