ಹಳೇ ಕಾಸು ತೊಳೆಯುವ ಪ್ರಶ್ನೆ

ಹಳೇ ತಾಮ್ರದ ಕಾಸನ್ನು ಹುಣಿಸೆಹಣ್ಣು ಹಾಕಿ ತಿಕ್ಕಿದರೆ ಫಳಫಳ ಅಂತ ಹೊಳೆಯುತ್ತದೆ. ಇದನ್ನು ನಮ್ಮ ಹಳ್ಳಿ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಚೆಂಬು ಬಿಂದಿಗೆ ತಿಕ್ಕೀ ತಿಕ್ಕೀ ಅವರ ಅಂಗೈ ಸವೆದಿದೆ. ಶಾಲೆಯಲ್ಲಿ ವಸ್ತುಪ್ರದರ್ಶನ ಬಂತೆಂದರೆ ಮೇಷ್ಟ್ರು "ಮನೇಲಿ ಹಳೇ ನಾಣ್ಯ ಇದ್ರೆ ತಗೊಂಬನ್ರೋ" ಅನ್ನುತ್ತಾರೆ. ಮಗ ನಾಲ್ಕು ಜನರ ಮುಂದೆ ಕೊಳಕು ಕಾಸು ಹಿಡಿದು ನಿಲ್ಲಬಾರದು ಅಂತ ಅವ್ವ ಅದನ್ನು ಹುಣಿಸೆಹಣ್ಣು, ಬೂದಿ ಹಾಕಿ ಬೆಳಗಿ ಕಳಿಸುತ್ತಾಳೆ. ಮೇಜಿನ ಮೇಲೆ ಕಾಸು ಹೊಸದರ ಹಾಗೆ ಹೊಳೆಯುತ್ತದೆ. ಅದರ ಮೇಲಿನ ಅಕ್ಷರ ಮಾತ್ರ ಓದಲಿಕ್ಕೆ ಬರುವುದಿಲ್ಲ.

ಚೊಕ್ಕಟ ಎಂದರೇನು ಎಂಬ ಪ್ರಶ್ನೆಯನ್ನು ಇಲ್ಲಿಂದ ಶುರುಮಾಡಬಹುದು. ಈ ದೇಶದಲ್ಲಿ ಅದು ಸಣ್ಣ ಪ್ರಶ್ನೆಯೇನಲ್ಲ.

ಮೊದಲು ಲೋಹದ ಮಾತು. ಟಿಪ್ಪುವಿನ ತಾಮ್ರದ ಕಾಸನ್ನೇ ತಗೊಳ್ಳಿ. ಒಂದು ಬದಿಗೆ ಆನೆ. ಇನ್ನೊಂದು ಬದಿಗೆ ಪರ್ಷಿಯನ್ ಲಿಪಿಯಲ್ಲಿ ಟಂಕಸಾಲೆಯ ಹೆಸರು. ಪಟ್ಟಣ್ ಎಂದಿದ್ದರೆ ಶ್ರೀರಂಗಪಟ್ಟಣ, ಫರ್ರುಖ್‌ಯಾಬ್ ಹಿಸಾರ್ ಎಂದಿದ್ದರೆ ಚಿತ್ರದುರ್ಗ. ಟಿಪ್ಪು ಸತ್ತದ್ದು 1799ರಲ್ಲಿ. ಅಲ್ಲಿಂದ ಇಲ್ಲಿಗೆ ಇನ್ನೂರು ಚಿಲ್ಲರೆ ವರ್ಷ ಈ ಕಾಸು ಮಣ್ಣಲ್ಲೋ ಮಡಕೆಯಲ್ಲೋ ಇದ್ದುಕೊಂಡು ಗಾಳಿ ನೀರು ಕುಡಿದಿದೆ. ಅದರ ಮೈಮೇಲಿನ ತಾಮ್ರವೇ ಕೆಂಗಂದು ಆಕ್ಸೈಡಾಗಿದೆ, ಅದರ ಮೇಲೆ ಹಸಿರು ಕಾರ್ಬೊನೇಟು ಕೂತಿದೆ. ನಾವು ಕಿಲುಬು, ಕೊಳೆ ಎಂದು ಮೂಗು ಮುರಿಯುವುದು ಹೊರಗಿಂದ ಬಂದು ಅಂಟಿಕೊಂಡದ್ದಲ್ಲ, ಕಾಸಿನ ಚರ್ಮವೇ ಆ ಬಣ್ಣಕ್ಕೆ ತಿರುಗಿದ್ದು. ಬಹಳ ಕಾಲ ಮಣ್ಣಲ್ಲಿದ್ದ ಕಾಸಿನಲ್ಲಿ ಎಷ್ಟೋ ಸಲ ಅಚ್ಚಿನ ಗೆರೆ ಉಳಿದಿರುವುದೇ ಈ ಪದರದಲ್ಲಿ. ಹುಣಿಸೆಹಣ್ಣಿನ ಟಾರ್ಟಾರಿಕ್ ಆಮ್ಲ ಆ ಪದರವನ್ನು ಕರಗಿಸುತ್ತದೆ. ಬೂದಿ ಉಳಿದದ್ದನ್ನು ಗೀರಿಹಾಕುತ್ತದೆ. ಅಕ್ಷರ ಕೊಳೆಯಲ್ಲೇ ಇತ್ತು, ಕೊಳೆಯ ಜೊತೆ ಹೋಯಿತು.

ಬೆಳ್ಳಿಯದೂ ಇದೇ ಕತೆ. ಗಾಳಿಯಲ್ಲಿರುವ ಗಂಧಕ ತಾಗಿ ಬೆಳ್ಳಿ ಕಪ್ಪಾಗುತ್ತದೆ. ಆ ಕಪ್ಪಿನೊಳಗೆ ಇರುವುದೂ ಬೆಳ್ಳಿಯೇ. ಅಂಗಡಿಯ ಪಾಲಿಶ್ ದ್ರಾವಣದಲ್ಲಿ ಅದ್ದಿ ಎತ್ತಿದಷ್ಟು ಸಲವೂ ಒಂದೊಂದು ಪದರ ಬೆಳ್ಳಿಯನ್ನು ಚರಂಡಿಗೆ ಚೆಲ್ಲಿದ ಹಾಗೆ.

ಹಾಗಾದರೆ ಏನನ್ನೂ ಮುಟ್ಟದೆ, ಹಿಂದಿನದೆಲ್ಲ ಪವಿತ್ರ ಅಂತ ಕೈಕಟ್ಟಿ ಕೂರಬೇಕೆ? ಅದೂ ಸುಳ್ಳು. ಸನಾತನಿಗಳು ನಮಗೆ ಯಾವಾಗಲೂ ಹೇಳಿಕೊಂಡು ಬಂದದ್ದು ಅದನ್ನೇ. ಮಣ್ಣಿನ ಉಪ್ಪು ಸೇರಿ ತಾಮ್ರದೊಳಗೆ ಕ್ಲೋರೈಡು ಕೂತಿದ್ದರೆ, ತೇವ ಸಿಕ್ಕ ಕೂಡಲೆ ತಿಳಿಹಸಿರು ಪುಡಿ ಏಳುತ್ತದೆ, ಒರೆಸಿದರೂ ಮತ್ತೆ ಏಳುತ್ತದೆ. ಗಟ್ಟಿಯಾಗಿ ನುಣುಪಾಗಿ ಕೂತ ಹಸಿರಲ್ಲ ಇದು, ಇದು ರೋಗ. ಇದನ್ನೂ ಪರಂಪರೆ ಅಂತ ಬಿಟ್ಟರೆ ಕೊನೆಗೆ ಕಾಸೇ ಇರುವುದಿಲ್ಲ. ಅಂಥ ಕಾಸನ್ನು ಬೇರೆಯವುಗಳಿಂದ ದೂರ, ಒಣಗಿದ ಡಬ್ಬಿಯಲ್ಲಿಟ್ಟು ವಸ್ತುಸಂಗ್ರಹಾಲಯದ ರಸಾಯನಶಾಸ್ತ್ರ ಬಲ್ಲವರಿಗೆ ತೋರಿಸಬೇಕು. ಎಂದರೆ ಕೇಳಬೇಕಾದ ಪ್ರಶ್ನೆ ಇಷ್ಟೆ: ಇದು ಕಾಸಿನ ಮೈಯೋ, ಕಾಸನ್ನು ತಿನ್ನುವುದೋ? ಚೆಂದ ಕಾಣುತ್ತದೋ ಇಲ್ಲವೋ ಎಂಬುದು ಪ್ರಶ್ನೆಯೇ ಅಲ್ಲ.

ಬರೀ ಮಣ್ಣು ಮೆತ್ತಿದ್ದರೆ ಏನು ಮಾಡಬಹುದು ಅಂತ ಹೇಳಿಬಿಡುತ್ತೇನೆ, ಮೇಷ್ಟ್ರುಗಳಿಗೆ ಬೇಕಾಗುತ್ತದೆ. ಬ್ಯಾಟರಿಗೆ ಹಾಕುವ ಬಟ್ಟಿಯಿಳಿಸಿದ ನೀರನ್ನು ಗಾಜಿನ ಬಟ್ಟಲಿಗೆ ಹಾಕಿ ಕಾಸನ್ನು ನೆನೆಯಲಿಕ್ಕೆ ಬಿಡಿ. ಕೊಳಾಯಿ, ಬೋರಿನ ನೀರು ಬೇಡ, ಅದರಲ್ಲೇ ಉಪ್ಪಿರುತ್ತದೆ. ನೀರು ಕದಡಿದಂತೆ ಬದಲಾಯಿಸಿ. ಮಣ್ಣು ತಾನಾಗಿ ಬಿಡುವಷ್ಟು ಬಿಡಲಿ. ಹಲ್ಲುಜ್ಜುವ ಬ್ರಷ್ಷು, ಪೇಸ್ಟು, ವಿಭೂತಿ, ನಿಂಬೆಹಣ್ಣು, ಸೋಡಾ ಯಾವುದೂ ಬ್ಯಾಡ. ಆಮೇಲೆ ಹತ್ತಿಬಟ್ಟೆ ಒತ್ತಿ ನೀರು ಹೀರಿಸಿ, ಉಜ್ಜಬ್ಯಾಡಿ, ಪೂರ್ತಿ ಒಣಗಿಸಿ. ಜಿಡ್ಡು ಹೋಗಬೇಕಾದರೆ ಶುದ್ಧ ಅಸಿಟೋನ್ ಸಾಕು, ಅದು ಲೋಹಕ್ಕೆ ತಂಟೆ ಮಾಡುವುದಿಲ್ಲ. ಆದರೆ ಕಿಟಕಿ ತೆಗೆದಿರಲಿ, ಪಕ್ಕದಲ್ಲಿ ದೀಪ ಬೀಡಿ ಇರದಿರಲಿ, ಮಕ್ಕಳ ಕೈಗೆ ಕೊಡಬೇಡಿ. ಪಿವಿಸಿ ಪ್ಲಾಸ್ಟಿಕ್ಕಿನ ಮೆತ್ತನೆ ಚೀಲದಲ್ಲಿಟ್ಟರೆ ವರ್ಷ ಕಳೆದಂತೆ ಅದೇ ಆಮ್ಲ ಬಿಟ್ಟು ಹಸಿರು ಅಂಟು ಮಾಡುತ್ತದೆ. ಚಂದ್ರವಳ್ಳಿಯಲ್ಲಿ ಸಿಕ್ಕಂಥ ಸಾತವಾಹನರ ಕಾಲದ ಸೀಸದ ಕಾಸಾದರೆ ಮರದ ಪೆಟ್ಟಿಗೆಯೂ ಆಗದು, ಮರದ ಆವಿಗೆ ಸೀಸ ಬಿಳಿ ಪುಡಿಯಾಗುತ್ತದೆ.

ಹಿಡಿಯುವಾಗ ಅಂಚು ಹಿಡಿ, ಮುಖ ಮುಟ್ಟಬೇಡ. ನಾಣ್ಯ ಕೂಡಿಡುವವರ ಮೊದಲ ಪಾಠ ಇದು. ‘ಮುಟ್ಟಬೇಡ’ ಅಂದ ಕೂಡಲೆ ನಮ್ಮಂಥವರ ಕಿವಿ ನೆಟ್ಟಗಾಗುತ್ತದೆ. ಆಗಲೇಬೇಕು. ಆದರೆ ಇಲ್ಲಿನ ಕಾರಣ ಬೇರೆ. ಬೆವರಿನಲ್ಲಿ ಉಪ್ಪಿದೆ, ಜಿಡ್ಡಿದೆ. ತಾಮ್ರದ ಮೇಲೆ ಬೆರಳೊತ್ತಿದರೆ ಆ ಗುರುತು ನಿಧಾನಕ್ಕೆ ಲೋಹಕ್ಕೇ ಇಳಿಯುತ್ತದೆ. ಜಗದ್ಗುರುವಿನ ಬೆವರಲ್ಲೂ ಅದೇ ಉಪ್ಪು, ಜೀತದಾಳಿನ ಬೆವರಲ್ಲೂ ಅದೇ ಉಪ್ಪು. ಈ ನಿಯಮ ಕೈಕೈಗೆ ಭೇದ ಮಾಡುವುದಿಲ್ಲ.

ಭೇದ ಮಾಡುವ ತೊಳೆಯುವಿಕೆಯೊಂದು ಇತ್ತು. ಅಂಗಡಿಯ ಕಟ್ಟೆಯಿಂದ ದೂರ ನಿಂತ ಹೊಲೆಯರು ಮಾದಿಗರು ಕಾಸನ್ನು ನೆಲದ ಮೇಲೆ ಇಡಬೇಕು. ಅಂಗಡಿಯವನು ಅದರ ಮೇಲೆ ನೀರು ಚಿಮುಕಿಸಿ ಆಮೇಲೆ ಎತ್ತಿಕೊಳ್ಳಬೇಕು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಬಂದಮೇಲೂ ಎಷ್ಟೋ ಊರುಗಳಲ್ಲಿ ಇದು ನಡೆದೇ ಇತ್ತು. ಆ ನಾಲ್ಕು ಹನಿ ನೀರಿಗೆ ಕಾಸಿನ ಮೇಲಿನ ಒಂದು ಕಣವೂ ಅಲುಗಲಿಲ್ಲ. ತೂಕ ಅಷ್ಟೇ, ಬೆಲೆ ಅಷ್ಟೇ. ಅದೇ ಕಾಸು ಗಲ್ಲದಿಂದ ಚಿಲ್ಲರೆಯಾಗಿ ಗೌಡರ ಜೇಬಿಗೆ ಹೋಯಿತು, ಗೌಡರ ಜೇಬಿಂದ ಮಂಗಳಾರತಿ ತಟ್ಟೆಗೆ ಬಿತ್ತು. ಹಾಗಾದರೆ ತೊಳೆದದ್ದು ಏನನ್ನು? ಕೊಟ್ಟವನ ಕೈಯನ್ನು, ಅವನ ಕಣ್ಣೆದುರೇ. ಅಂದಹಾಗೆ, ರೂಪಾಯಿಯ ಹುಟ್ಟು ಮತ್ತು ತೊಡಕಿನ ಬಗ್ಗೆ 1923ರಲ್ಲಿ ಲಂಡನ್ನಿನಲ್ಲಿ ‘ದಿ ಪ್ರಾಬ್ಲಮ್ ಆಫ್ ದಿ ರುಪೀ’ ಎಂಬ ಗ್ರಂಥ ಪ್ರಕಟಿಸಿದವರು ಬಾಬಾಸಾಹೇಬ್ ಅಂಬೇಡ್ಕರರು. ಯಾರ ಕೈಯ ರೂಪಾಯಿಗೆ ನೀರು ಚಿಮುಕಿಸುತ್ತಿದ್ದರೋ ಆ ಜನರ ಮಗ ರೂಪಾಯಿ ಎಂದರೇನು ಅಂತ ದೊರೆಗಳಿಗೆ ಬಿಡಿಸಿ ಹೇಳಿದ.

ಇನ್ನು ನಾಣ್ಯದ ಪೇಟೆಯನ್ನು ನೋಡಿ. ಒಂದೇ ವರ್ಷದ, ಒಂದೇ ಟಂಕಸಾಲೆಯ ಎರಡು ರೂಪಾಯಿಗಳಿದ್ದರೆ, ಚಲಾವಣೆಗೇ ಬಾರದೆ ಯಾರ ಕೈಗೂ ಹೋಗದೆ ಉಳಿದದ್ದಕ್ಕೆ ಹೆಚ್ಚು ಬೆಲೆ. ಅಚ್ಚು ಕೊರೆದವನ ಗೆರೆಯೆಲ್ಲ ಅದರಲ್ಲಿ ಕಾಣುತ್ತದೆ, ಅದನ್ನು ಒಪ್ಪೋಣ. ಆದರೂ ಕಾಸಿನ ಕೆಲಸ ಕೈಯಿಂದ ಕೈಗೆ ಹೋಗುವುದು ತಾನೆ? ದುಡಿಯದೇ ಕೂತ ಕಾಸಿಗೆ ಮರ್ಯಾದೆ, ದುಡಿದು ಸವೆದದ್ದಕ್ಕೆ ಕೆಳಗಿನ ದರ್ಜೆ. ಈ ಲೆಕ್ಕ ನಾವು ಎಲ್ಲೋ ಕೇಳಿದ ಹಾಗಿದೆ. ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿ ಟಂಕಸಾಲೆಯಿಂದ ಹೊರಟಾಗ 11.66 ಗ್ರಾಂ ಇತ್ತು. ಸವೆದದ್ದನ್ನು ತಕ್ಕಡಿಗೆ ಹಾಕಿದರೆ ಅಷ್ಟಿರುವುದಿಲ್ಲ. ಕಡಿಮೆಯಾದ ಬೆಳ್ಳಿ ಎಲ್ಲಿಗೆ ಹೋಯಿತು? ಅಂಗೈಗೆ, ಸೆರಗಿನ ಗಂಟಿಗೆ, ಸೊಂಟದ ಎಲೆಯಡಿಕೆ ಚೀಲಕ್ಕೆ. ಆ ಸವೆತವನ್ನು ಮರೆಸಲಿಕ್ಕೆಂದು ಪಾಲಿಶ್ ಹಾಕುತ್ತಾರೆ. ಪಾಲಿಶ್ ಹಾಕಿದ್ದು ಗೊತ್ತಾದರೆ ಬೆಲೆ ಇನ್ನೂ ಇಳಿಯುತ್ತದೆ ಅಂತ ಗಂಧಕ ತಾಗಿಸಿ ಮತ್ತೆ ಕಪ್ಪು ಮಾಡುತ್ತಾರೆ. ಹಳತನಕ್ಕೂ ಬಣ್ಣ ಬಳಿದು ಮಾರುವ ಪೇಟೆ ಇದು.

ಸವೆತದ ಹಾಗೆಯೇ ಇತರ ಗುರುತುಗಳು. ಚಿನಿವಾರ ಬೆಳ್ಳಿ ಸಾಚಾ ಹೌದೋ ಅಲ್ಲವೋ ನೋಡಲು ಒತ್ತಿದ ಗುರುತು, ಕಾಸಿನ ಸರಕ್ಕೆ ಪೋಣಿಸಲು ಬೆಸೆದ ಕೊಂಡಿಯ ಕಲೆ, ಲಕ್ಷ್ಮಿ ಅಂತ ಪೂಜೆಗಿಟ್ಟು ಗೆರೆಯಲ್ಲಿ ಕೂತ ಕುಂಕುಮ. ಪೇಟೆಗೆ ಇವೆಲ್ಲ ಊನ. ದೇವರಲ್ಲಿ ನನಗೆ ನಂಬಿಕೆಯಿಲ್ಲ, ಆದರೂ ಆ ಕುಂಕುಮವನ್ನು ನಾನು ತೊಳೆಯಲಾರೆ. ಯಾವಳೋ ಒಬ್ಬಳು ಅಡವಿಡದೆ ಉಳಿಸಿಕೊಂಡ ಒಂದೇ ರೂಪಾಯಿ ಅದಾಗಿರಬಹುದು.

ಇಷ್ಟೆಲ್ಲ ಹೇಳಿದಮೇಲೆ, ಗುದ್ದಲಿಗೆ ಮಡಕೆ ತಗುಲಿದ ಕೂಲಿಯವನಿಗೆ ಏನು ಹೇಳೋಣ? ಅವನು ಮಾಡುವ ಮೊದಲ ಕೆಲಸ ಒಂದು ಕಾಸು ತಗೊಂಡು ಕಲ್ಲಿಗೆ ಉಜ್ಜುವುದು, ಚಿನ್ನವೋ ತಾಮ್ರವೋ ನೋಡಲಿಕ್ಕೆ. ವಿದ್ವಾಂಸರು ಅಯ್ಯೋ ಅಜ್ಞಾನವೇ ಅಂತ ಹಲುಬುತ್ತಾರೆ. ಅಜ್ಞಾನ ಎಲ್ಲಿ ಬಂತು? ಆ ಒಂದು ಉಜ್ಜಿನಲ್ಲಿ ಅವನ ಮನೆಯ ಸಾಲ ತೀರುತ್ತದೋ ಇಲ್ಲವೋ ಎಂಬುದು ಅಡಗಿದೆ. ಹತ್ತು ರೂಪಾಯಿಗೆ ಮೀರಿದ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು ಅಂತ ಬ್ರಿಟಿಷರು 1878ರಲ್ಲೇ ಕಾನೂನು ಮಾಡಿದರು. ತಿಳಿಸಿದವನಿಗೆ ಏನು ಸಿಗುತ್ತದೆ ಅಂತ ಗುದ್ದಲಿ ಹಿಡಿದವನಿಗೆ ಕೂತು ಹೇಳಿದವರನ್ನು ನಾನು ಕಂಡಿಲ್ಲ. ಪೋಲೀಸರ ಹೆದರಿಕೆ ಮಾತ್ರ ಎಲ್ಲರಿಗೂ ಗೊತ್ತು. ಉಜ್ಜಬೇಡ ಅನ್ನುವವರು ಮೊದಲು ಅದನ್ನು ಹೇಳಲಿ.

ಪ್ರದರ್ಶನಕ್ಕೆ ಕಾಸು ಇಡುವ ಮೇಷ್ಟ್ರುಗಳು ಪಕ್ಕದಲ್ಲಿ ಒಂದು ಚೀಟಿ ಇಡಿ. ಎಲ್ಲಿ ಸಿಕ್ಕಿತು, ಯಾವ ಹೊಲ, ಎಷ್ಟು ಆಳ. ಅವ್ವ ಹುಣಿಸೆಹಣ್ಣು ಹಾಕಿ ಬೆಳಗಿದ್ದರೆ ಅದನ್ನೂ ಬರೆಯಿರಿ, ಅದರಲ್ಲಿ ನಾಚಿಕೆಯೇನಿಲ್ಲ. ‘ಕೂಲಿಯವರಿಗೆ ಸಿಕ್ಕಿದ್ದು’ ಅಂತ ಬರೆದು ಮುಗಿಸಬೇಡಿ, ಹೆಸರು ಕೇಳಿ ಬರೆಯಿರಿ. ಪೆನ್ಸಿಲ್ಲಿನಲ್ಲಿ ಬರೆದರೆ ಒಳ್ಳೆಯದು, ಶಾಯಿ ತೇವಕ್ಕೆ ಹರಡಿಬಿಡುತ್ತದೆ.